ಕೆಲಸ ಕಲಿಲಿಕ್ಕೆ ಬಂದ ಹುಡುಗನಿಗೆ ಎಷ್ಟು ಕೊಡ್ಬೇಕು?

ಮೊನ್ನೆ ಭಾನುವಾರ ಮಂಗ್ಳೂರಿನ ಬಿಜೈಯಲ್ಲಿ ನಾವು ಸಣ್ಣ ಕಾಂಟ್ರ್ಯಾಕ್ಟರ್‌ಗಳು ಒಂದು ಮೂವತ್ತು ನಲ್ವತ್ತು ಜನ ಸೇರಿದಾಗ ನಾನು ಮಾತಾಡಿದ್ದು ಇದು. ಬರ್ಲಿಕ್ಕೆ ಆಗದವರು ಬರೆದು ಹಾಕಿ ಅಂದ್ರು, ಹಾಗೆ ಫೋನಲ್ಲಿ ರೆಕಾರ್ಡ್ ಆದದ್ದನ್ನು ಕೇಳಿ ಕೇಳಿ ಟೈಪ್ ಮಾಡಿದ್ದೇನೆ. ಶೀಟ್ ಮಾಡು, ಜೋರು ಮಳೆ, ಕೆಲವು ಕಡೆ ನನ್ನ ಮಾತು ನನಗೇ ಕೇಳಿಸ್ಲಿಲ್ಲ, ಅಲ್ಲೆಲ್ಲ ನೆನಪಿಂದ ತುಂಬಿಸಿದ್ದು.

ಎಲ್ಲರಿಗೂ ನಮಸ್ಕಾರ. ಮೊದ್ಲು ಒಂದು ಪ್ರಶ್ನೆ ಕೇಳ್ತೇನೆ, ಕೈ ಎತ್ತುದು ಬೇಡ, ಮನಸ್ಸಲ್ಲೇ ಲೆಕ್ಕ ಹಾಕಿ. ನಿಮ್ಮ ಸೈಟಲ್ಲಿ "ಇವ ಕೆಲಸ ಕಲಿಲಿಕ್ಕೆ ಬಂದವ" ಅಂತ ಹೇಳಿ ಹೆಲ್ಪರ್‌ಗಿಂತ ಕಡಿಮೆ ಕೊಡ್ತಾ ಇರುವ ಹುಡುಗರು ಎಷ್ಟು ಜನ ಇದ್ದಾರೆ? ಒಬ್ರಾದ್ರೂ ಇರ್ತಾನೆ. ಮೇಸ್ತ್ರಿಯ ಅಳಿಯ, ಹೆಲ್ಪರ್‌ನ ತಮ್ಮ, ಪಿಯುಸಿ ಫೇಲಾಗಿ ಮನೇಲಿ ಕೂತಿದ್ದವ. ಅವನಿಗೆ ಎಂತ ಕೊಡ್ತೀರಿ, ಯಾಕೆ ಅಷ್ಟೇ ಕೊಡ್ತೀರಿ, ಅದನ್ನು ಯಾವ ಪುಸ್ತಕದಲ್ಲಿ ಬರೀತೀರಿ?

ನಾನು ಬರೀತಿರ್ಲಿಲ್ಲ. ಅದನ್ನು ಹೇಳಿಬಿಟ್ಟೇ ಶುರು ಮಾಡುದು ಒಳ್ಳೇದು, ಇಲ್ಲದಿದ್ರೆ ಇವರೇನು ದೊಡ್ಡ ಸತ್ಯಹರಿಶ್ಚಂದ್ರ ಅಂತ ಆಗ್ತದೆ. ಕೊಟ್ಟಾರ ಕಡೆ ಒಂದು ಮೂರು ಮಾಳಿಗೆ ಬಿಲ್ಡಿಂಗ್ ಮಾಡ್ತಿದ್ದೆ, ಸುಳ್ಯ ಕಡೆಯ ಒಬ್ಬ ಹುಡುಗನನ್ನು ಅವನ ಸೋದರಮಾವ ಕರ್ಕೊಂಡು ಬಂದು, ಅಣ್ಣ ಇವನಿಗೆ ಸ್ವಲ್ಪ ಕೆಲಸ ಕಲಿಸಿ, ಸಂಬಳ ನೀವು ಕೊಟ್ಟಷ್ಟು ಅಂದ. ಕೊಟ್ಟಷ್ಟು ಅಂದ್ಮೇಲೆ ನಾನು ಅರ್ಧ ಕೊಟ್ಟೆ. ಏಳು ತಿಂಗಳು ಅವ ಸಿಮೆಂಟ್ ಹೊತ್ತ, ನೀರು ಹಾಕಿದ, ಎಲ್ಲರಿಗೂ ಚಾ ತಂದ. ಕಲಿತದ್ದು ಎಂತದ್ದೂ ಇಲ್ಲ. ಒಂದು ದಿನ ಹೊರಗಿನ ಸಾರಣೆ ಆಗುವಾಗ ಸ್ಕ್ಯಾಫೋಲ್ಡಿಂಗ್ ಹಲಗೆ ಜಾರಿ ಬಿದ್ದು ಕೈ ಮುರ್ಕೊಂಡ. ಆಸ್ಪತ್ರೆ ಖರ್ಚು ನಾನೇ ಕೊಟ್ಟೆ, ಅದರಲ್ಲಿ ತಕರಾರಿಲ್ಲ. ಆಮೇಲೆ ಯಾರು ಹೇಳಿದ್ರೋ ಗೊತ್ತಿಲ್ಲ, ಲೇಬರ್ ಆಫೀಸಿಂದ ಒಬ್ರು ಬಂದ್ರು. ಇವ ಯಾರು ಅಂತ ಕೇಳಿದ್ರು, ಅಪ್ರೆಂಟಿಸ್ ಸಾರ್ ಅಂದೆ. ಅಗ್ರಿಮೆಂಟ್ ಎಲ್ಲಿ ಅಂದ್ರು. ನಾನು ಮೇಸ್ತ್ರಿ ಮುಖ ನೋಡಿದೆ, ಮೇಸ್ತ್ರಿ ಮಿಕ್ಸರ್ ನೋಡಿದ.

"ಅಗ್ರಿಮೆಂಟ್ ಇಲ್ಲ, ಸಿಲಬಸ್ ಇಲ್ಲ, ಎಲ್ಲಿಯೂ ಹೆಸರಿಲ್ಲ, ಹಾಗಾದ್ರೆ ಇವ ಹೆಲ್ಪರ್. ಹೆಲ್ಪರ್‌ಗೆ ಮಿನಿಮಂ ವೇಜಸ್ ಎಲ್ಲಿ?" ಅಷ್ಟೇ ಅವರು ಕೇಳಿದ್ದು. ಏಳು ತಿಂಗಳ ವ್ಯತ್ಯಾಸ ಒಟ್ಟಿಗೆ ಕಟ್ಟಿದೆ. ಆಮೇಲೆ ಗೊತ್ತಾಯ್ತು, ನಾನು ಬಚಾವಾದದ್ದು ಸಣ್ಣದರಲ್ಲಿ, ಯಾಕಂದ್ರೆ 1948ರ ಮಿನಿಮಂ ವೇಜಸ್ ಕಾಯಿದೆಯಲ್ಲಿ ಕಡಿಮೆ ಕೊಟ್ಟ ವ್ಯತ್ಯಾಸದ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಹಾಕ್ಲಿಕ್ಕೆ ಅವಕಾಶ ಇತ್ತು. ಈಗ ಬಂದಿರುವ ವೇತನ ಸಂಹಿತೆಯಲ್ಲೂ ಆ ಹತ್ತು ಪಟ್ಟು ಹಾಗೇ ಉಂಟು. ಅಂದ್ರೆ ಉಳಿಸಿದ ಒಂದು ರೂಪಾಯಿಗೆ ಹನ್ನೊಂದು ರೂಪಾಯಿ ಹೋಗ್ಬಹುದು.

ಹಾಗೆ ನಾನು ಈ ಅಪ್ರೆಂಟಿಸ್ ಕಾಯಿದೆ ಓದಿದ್ದು ಪ್ರೀತಿಯಿಂದ ಅಲ್ಲ, ಪೆಟ್ಟು ತಿಂದು.

ಕಾಯಿದೆ 1961ರದ್ದು. ಅದರಲ್ಲಿ ಒಂದು ವಾಕ್ಯ ಉಂಟು, ಅಪ್ರೆಂಟಿಸ್ ಅಂದ್ರೆ ತರಬೇತಿ ಪಡೆಯುವವ, ಕೆಲಸಗಾರ ಅಲ್ಲ, ಅವನಿಗೆ ಕಾರ್ಮಿಕ ಕಾನೂನು ಅನ್ವಯ ಆಗುದಿಲ್ಲ ಅಂತ. ಇದೊಂದು ವಾಕ್ಯವನ್ನು ಮಾತ್ರ ನಮ್ಮವರು ಎಲ್ಲಿಂದಲೋ ಕೇಳಿಕೊಂಡು ಬಂದು, ಓಹೋ ಹಾಗಾದ್ರೆ ಮಿನಿಮಂ ವೇಜಸ್ ಬೇಡ, ಪಿಎಫ್ ಬೇಡ, ಇಎಸ್‌ಐ ಬೇಡ, ಎಲ್ಲರನ್ನೂ ಅಪ್ರೆಂಟಿಸ್ ಮಾಡಿಬಿಡುವ ಅಂತ ಹೊರಡುದು. ಮಾರಾಯ್ರೆ, ಆ ವಾಕ್ಯದ ಹಿಂದೆ ಮುಂದೆ ಇನ್ನೂ ಮೂವತ್ತು ಸೆಕ್ಷನ್ ಉಂಟು. ನೀವು ಬಾಯಲ್ಲಿ ಅಪ್ರೆಂಟಿಸ್ ಅಂತ ಕರೆದ ಮಾತ್ರಕ್ಕೆ ಅವ ಅಪ್ರೆಂಟಿಸ್ ಆಗುದಿಲ್ಲ, ಒಂದು ಲಿಖಿತ ಒಪ್ಪಂದ ಆಗ್ಬೇಕು, ಅದು ನೋಂದಣಿಗೆ ಹೋಗ್ಬೇಕು, ಕಲಿಸುದು ಎಂತ ಅಂತ ಮೊದ್ಲೇ ಬರೆದಿರ್ಬೇಕು. ಕಾಯಿದೆಯಲ್ಲಿ ಅದಕ್ಕೆ ಕಾಂಟ್ರ್ಯಾಕ್ಟ್ ಅಂತಲೇ ಹೆಸರು, ನಾವು ಇಲ್ಲಿ ಕೂತವರೆಲ್ಲ ಕಾಂಟ್ರ್ಯಾಕ್ಟರ್‌ಗಳು ಆದ ಕಾರಣ ಗೊಂದಲ ಬೇಡ ಅಂತ ನಾನು ಅಗ್ರಿಮೆಂಟ್ ಅಂತೇನೆ.

ಯಾರಿಗೆ ಇದು ಕಡ್ಡಾಯ? 2019ರಲ್ಲಿ ನಿಯಮ ತಿದ್ದಿದ ಮೇಲೆ 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಗೆ ಕಡ್ಡಾಯ, 4ರಿಂದ 29ರವರೆಗೆ ಇದ್ರೆ ನಿಮ್ಮ ಇಷ್ಟ. ಇಲ್ಲಿ ಹೆಚ್ಚಿನವರು ನನ್ನದು ಹತ್ತೇ ಜನ ಅಂತ ತಲೆ ಆಡಿಸ್ತಾ ಇದ್ದೀರಿ, ನೋಡಿದೆ. ಆದ್ರೆ ಆ 30ರ ಲೆಕ್ಕದಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಇರುವವರೂ ಸೇರ್ತಾರೆ. ನಿಮ್ಮ ರೋಲಲ್ಲಿ ಸೂಪರ್‌ವೈಸರ್, ಸ್ಟೋರ್ ಹುಡುಗ, ಇಬ್ರು ಮೇಸ್ತ್ರಿ ಮಾತ್ರ ಇರ್ಬಹುದು, ಸೆಂಟ್ರಿಂಗ್ ಗ್ಯಾಂಗು ಒಡಿಶಾದವರದ್ದು, ಸರಳು ಬಾಗಿಸುವ ಬಾರ್ ಬೆಂಡಿಂಗ್ ಬಿಹಾರದವರದ್ದು, ಕೆಂಪುಕಲ್ಲು ಕಟ್ಟುದು ಬಾಗಲಕೋಟೆಯವರು, ಅದೆಲ್ಲ ಸೇರಿಸಿದ್ರೆ ಯಾವ ಸೈಟಲ್ಲಾದ್ರೂ ಮೂವತ್ತು ದಾಟ್ಲಿಕ್ಕೆ ಎಷ್ಟು ಹೊತ್ತು ಬೇಕು? ಒಮ್ಮೆ ದಾಟಿದ್ರೆ ಒಟ್ಟು ಜನರ ಶೇ. 2.5ರಿಂದ ಶೇ. 15ರ ಒಳಗೆ ಅಪ್ರೆಂಟಿಸ್ ಇಟ್ಕೊಳ್ಬೇಕು. 80 ಜನ ಇದ್ರೆ ಕನಿಷ್ಠ 2, ಹೆಚ್ಚು ಅಂದ್ರೆ 12. ಆ ಹೆಚ್ಚು ಅಂದ್ರೆ ಅನ್ನುದು ಮುಖ್ಯ, 80ರಲ್ಲಿ 40 ಜನ ಅಪ್ರೆಂಟಿಸ್ ಅಂತ ತೋರಿಸ್ಲಿಕ್ಕೆ ಆಗುದಿಲ್ಲ. ಇಡದೇ ಹೋದ್ರೆ 2014ರ ತಿದ್ದುಪಡಿಯಲ್ಲಿ ಜೈಲು ತೆಗೆದು ದಂಡ ಹಾಕಿದ್ದು, ಖಾಲಿ ಬಿಟ್ಟ ಒಂದೊಂದು ಸೀಟಿಗೆ ಮೊದಲ ಮೂರು ತಿಂಗಳು ತಿಂಗಳಿಗೆ 500, ಆಮೇಲೆ 1000 ರೂಪಾಯಿ ಅಂತ. ದೊಡ್ಡ ಮೊತ್ತ ಅಲ್ಲ, ಒಪ್ತೇನೆ.

ಈಗ ಅಪ್ರೂವಲ್ ವಿಷಯ. ಇದರಲ್ಲಿ ಎರಡು ದಾರಿ. ಒಂದು, ಸರ್ಕಾರವೇ ಗೊತ್ತು ಮಾಡಿದ ಟ್ರೇಡ್‌ಗಳು, ಡೆಸಿಗ್ನೇಟೆಡ್ ಟ್ರೇಡ್ ಅಂತಾರೆ, ಮೇಸನ್, ಕಾರ್ಪೆಂಟರ್, ಪ್ಲಂಬರ್, ಇಲೆಕ್ಟ್ರಿಷಿಯನ್, ವೆಲ್ಡರ್, ಡ್ರಾಫ್ಟ್ಸ್‌ಮನ್ ಸಿವಿಲ್, ಹೀಗೆ. ಅದರ ಸಿಲಬಸ್ಸು, ಅವಧಿ, ಪರೀಕ್ಷೆ ಎಲ್ಲ ಅವರದ್ದೇ. ನಿಮ್ಮಲ್ಲಿ ಅದನ್ನು ಕಲಿಸ್ಲಿಕ್ಕೆ ಸಾಧನ ಉಂಟಾ, ಕಲಿಸುವವ ಇದ್ದಾನಾ ಅಂತ ನೋಡ್ತಾರೆ. ಇನ್ನೊಂದು 2014ರಲ್ಲಿ ಬಂದ ಆಪ್ಷನಲ್ ಟ್ರೇಡ್, ಅದು ನಮಗೆ ಹೇಳಿ ಮಾಡಿಸಿದ್ದು, ಅಲ್ಲಿ ಕೋರ್ಸ್ ಎಂತದ್ದು ಅಂತ ನಾವೇ ಬರೀಬಹುದು, 6 ತಿಂಗಳಿಂದ 36 ತಿಂಗಳವರೆಗೆ. ಬಾರ್ ಬೆಂಡರ್, ಶಟರಿಂಗ್ ಕಾರ್ಪೆಂಟರ್, ಸ್ಕ್ಯಾಫೋಲ್ಡರ್ ಇದಕ್ಕೆಲ್ಲ ನಿರ್ಮಾಣ ಕ್ಷೇತ್ರದ ಸ್ಕಿಲ್ ಕೌನ್ಸಿಲ್ ತಯಾರು ಮಾಡಿದ ಕೋರ್ಸ್ ಉಂಟು, ಅದನ್ನೇ ತಗೊಂಡ್ರೆ ಅರ್ಧ ಕೆಲಸ ಮುಗೀತದೆ. ಎಲ್ಲ ಆಗುದು ಅಪ್ರೆಂಟಿಸ್‌ಶಿಪ್ ಇಂಡಿಯಾ ಅನ್ನುವ ಪೋರ್ಟಲಲ್ಲಿ, ನಿಮ್ಮ ಸಂಸ್ಥೆ ರಿಜಿಸ್ಟರ್ ಮಾಡ್ಬೇಕು, ಹುಡುಗ ಅವನ ಆಧಾರ್ ಹಾಕಿ ಅವನದ್ದು ಮಾಡ್ಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಅಕೌಂಟ್ ಬೇಕು, ಆಮೇಲೆ ಅಗ್ರಿಮೆಂಟ್ ಅಲ್ಲಿಯೇ ಹುಟ್ತದೆ, ಇಬ್ರೂ ಒಪ್ಬೇಕು. ಅಕೌಂಟಿಗೆ ಆಧಾರ್ ಜೋಡಣೆ ಆಗಿದ್ಯಾ ಅಂತ ಮೊದ್ಲೇ ನೋಡಿ, ನನ್ನ ಒಬ್ಬ ಹುಡುಗನದ್ದು ಅದೊಂದೇ ಕಾರಣಕ್ಕೆ ಎಷ್ಟು ಸಲ ಬ್ಯಾಂಕಿಗೆ ಅಲೆದಾಟ, ಪಾಪ ಅವ ಸಾಕಾಗಿ ಊರಿಗೇ ಹೋಗ್ತೇನೆ ಅಂತ ಹೊರಟಿದ್ದ.

ಸಿಲಬಸ್ ಬರೆಯುವ ಬಗ್ಗೆ ಸ್ವಲ್ಪ ಹೇಳ್ತೇನೆ, ಯಾಕಂದ್ರೆ ಇದು ಬರೀ ಕಾಗದ ಪತ್ರದ ರಗಳೆ ಅಂತ ನಾನೂ ಗ್ರಹಿಸಿದ್ದೆ. ಬಾರ್ ಬೆಂಡಿಂಗ್‌ಗೆ ಆರು ತಿಂಗಳಲ್ಲಿ ಎಂತೆಂತ ಕಲಿಸ್ತೀರಿ ಅಂತ ಬರೀಬೇಕಿತ್ತು. ನನ್ನ ಬಾರ್ ಬೆಂಡರ್ ಇಪ್ಪತ್ತು ವರ್ಷದ ಕೈ, ಅವನ ಹತ್ರ ಕೂತೆ. ಮೊದಲ ವಾರ ರಿಂಗ್ ಮಾಡುದು ಕಲಿಸುದು ಅಂದ, ಕಂಬದ ಉದ್ದ ಸರಳುಗಳನ್ನು ಸುತ್ತ ಹಿಡಿದಿಡುವ ರಿಂಗ್. ಸರಿ ಹೇಗೆ ಅಂತ ತೋರಿಸು ಅಂದೆ. ಹಲಗೆ ಮೇಲೆ ಸರಳಿನ ತುಂಡು ಬಡಿದಿಟ್ಟ ಜಾಗದಲ್ಲಿ 8 ಎಂಎಂ ಸರಳು ಸಿಕ್ಕಿಸಿ ನಾಲ್ಕು ಸಲ ಎಳೆದ, ರಿಂಗ್ ಆಯ್ತು, ಕಣ್ಣು ಮುಚ್ಚಿ ಮಾಡುವಷ್ಟು ಸಲೀಸು. ಆದ್ರೆ ಕೊನೆಯ ಕೊಕ್ಕೆ 90 ಡಿಗ್ರಿಗೆ ನಿಲ್ಲಿಸಿದ. ನಮ್ಮ ಮಂಗ್ಳೂರು ಭೂಕಂಪದ ವಲಯ ಮೂರರಲ್ಲಿ ಡಿಸೈನ್ ಆಗುವ ಊರು, ಭೂಕಂಪಕ್ಕೆ ತಡೆಯುವ ಕಟ್ಟಡದ ಮಾನದಂಡ ಐಎಸ್ 13920ರ ಪ್ರಕಾರ ಆ ಕೊಕ್ಕೆ 135 ಡಿಗ್ರಿ ಒಳಗೆ ಬಾಗ್ಬೇಕು, ಬಾಲ ಕಮ್ಮಿ ಅಂದ್ರೂ 65 ಎಂಎಂ ಇರ್ಬೇಕು, ಇಲ್ಲದಿದ್ರೆ ಕಂಬಕ್ಕೆ ಅಲುಗಾಟ ಬಂದಾಗ ರಿಂಗ್ ಬಿಚ್ಚಿಕೊಳ್ತದೆ, ಒಳಗಿನ ಕಾಂಕ್ರೀಟ್ ಹಿಡಿದಿಡ್ಲಿಕ್ಕೆ ಎಂತದ್ದೂ ಇಲ್ಲ. ಡ್ರಾಯಿಂಗಲ್ಲಿ ಇದು ಬರೆದೇ ಉಂಟು. ಇಪ್ಪತ್ತು ವರ್ಷ ಅವ ಯಾಕೆ ಮಾಡ್ಲಿಲ್ಲ ಅಂದ್ರೆ ಅವನಿಗೆ ಕಲಿಸಿದವ ಮಾಡಿರ್ಲಿಲ್ಲ. ನಾನು ಯಾಕೆ ನೋಡ್ಲಿಲ್ಲ ಅಂದ್ರೆ, ಅದನ್ನು ಕೇಳ್ಬೇಡಿ. ಆವತ್ತು ಸಂಜೆ ಅವ, ನಾನು, ಹೊಸ ಹುಡುಗ ಮೂರೂ ಜನ ಕೂತು 135ಕ್ಕೆ ಬಾಗಿಸುದು ಅಭ್ಯಾಸ ಮಾಡಿದ್ದು, ಹುಡುಗನೇ ಮೊದ್ಲು ಕಲಿತ.

ಹಾಗೆಯೇ ಕವರ್ ಬ್ಲಾಕ್, ಸರಳಿನ ಹೊರಗೆ ಕಾಂಕ್ರೀಟ್ ಇಷ್ಟು ದಪ್ಪ ಇರ್ಲಿ ಅಂತ ಇಡುವ ಬಿಲ್ಲೆ. ಸ್ಲ್ಯಾಬಿಗೆ ಬೀಮಿಗೆ ಇಷ್ಟು, ಕಂಬಕ್ಕೆ ಕಮ್ಮಿ ಅಂದ್ರೂ 40 ಎಂಎಂ, ಫೂಟಿಂಗ್‌ಗೆ 50 ಅಂತ ಕಾಂಕ್ರೀಟಿನ ಮಾನದಂಡ ಐಎಸ್ 456ರಲ್ಲಿ ಉಂಟು, ನಮ್ಮ ಸೈಟಲ್ಲಿ ಸರಳಿನ ಅಡಿಗೆ ಕೈಗೆ ಸಿಕ್ಕಿದ ಜಲ್ಲಿ ಚೂರು. ಸಮುದ್ರದ ಉಪ್ಪುಗಾಳಿಯ ಊರಲ್ಲಿ ಹತ್ತು ವರ್ಷಕ್ಕೆ ಸ್ಲ್ಯಾಬ್ ಅಡಿ ಉದುರಿ ಸರಳು ಕಾಣುದು ಸುಮ್ಮನೆ ಅಲ್ಲ. ಸಿಲಬಸ್ ಅಂತ ಬರೀಲಿಕ್ಕೆ ಕೂತ ಕಾರಣ ಇದೆಲ್ಲ ಒಮ್ಮೆ ಬಾಯಿಗೆ ಬಂತು. ಅಪ್ರೂವಲ್ ಕೊಡುವವರು ಅದನ್ನು ಓದ್ತಾರೋ ಇಲ್ವೋ, ನನಗಂತೂ ಪ್ರಯೋಜನ ಆಯ್ತು.

ಇನ್ನು ನೀವೆಲ್ಲ ಕಾಯ್ತಾ ಇರುವ ವಿಷಯ, ದುಡ್ಡು.

ಅಪ್ರೆಂಟಿಸ್‌ಗೆ ಕೊಡುದು ಸಂಬಳ ಅಲ್ಲ, ಸ್ಟೈಪೆಂಡ್. 2019ರ ನಿಯಮದಲ್ಲಿ ತಿಂಗಳಿಗೆ ಕನಿಷ್ಠ ಇಷ್ಟು ಅಂತ ಹಾಕಿದ್ದು ಓದಿನ ಲೆಕ್ಕದಲ್ಲಿ: ಐದರಿಂದ ಒಂಬತ್ತನೇ ಕ್ಲಾಸ್ ಓದಿದವನಿಗೆ 5000, ಹತ್ತನೇ ಪಾಸಾದವನಿಗೆ 6000, ಹನ್ನೆರಡನೇ ಪಾಸಾದವನಿಗೂ ಐಟಿಐ ಸರ್ಟಿಫಿಕೇಟ್ ಇದ್ದವನಿಗೂ 7000, ಡಿಪ್ಲೊಮಾಕ್ಕೆ 8000, ಡಿಗ್ರಿಗೆ 9000. ಎರಡನೇ ವರ್ಷಕ್ಕೆ ಶೇ. 10 ಹೆಚ್ಚು, ಮೂರನೇ ವರ್ಷಕ್ಕೆ ಶೇ. 15. ಇದು ತುಂಬ ಕಡಿಮೆ ಆಯ್ತು, ಶೇ. 36 ಏರಿಸಿ 6800ರಿಂದ 12300ರ ಮಟ್ಟಕ್ಕೆ ತನ್ನಿ ಅಂತ 2025ರ ಮೇಯಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಕೌನ್ಸಿಲ್ ಶಿಫಾರಸು ಮಾಡಿದೆ, ಅಗ್ರಿಮೆಂಟ್ ಮಾಡುವ ದಿನ ಪೋರ್ಟಲಲ್ಲಿ ಎಷ್ಟು ಉಂಟು ಅಂತ ನೋಡಿಯೇ ಹಾಕಿ.

ಇದರಲ್ಲಿ ಸರ್ಕಾರದ ಪಾಲೂ ಉಂಟು. 2016ರಲ್ಲಿ ಶುರುವಾದ ನ್ಯಾಪ್ಸ್ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ. 25, ಆದ್ರೆ 1500 ದಾಟದ ಹಾಗೆ, ಸರ್ಕಾರ ಕೊಡ್ತದೆ. 2023ರಿಂದ ಅದು ನಮಗೆ ಬರುದಿಲ್ಲ, ನೇರ ಹುಡುಗನ ಅಕೌಂಟಿಗೆ. ಹತ್ತನೇ ಪಾಸಾದವನ 6000ದಲ್ಲಿ ನೀವು 4500 ಹಾಕಿದ್ರೆ 1500 ಅಲ್ಲಿಂದ. ಡಿಪ್ಲೊಮಾ, ಡಿಗ್ರಿಯವರದ್ದು ನ್ಯಾಟ್ಸ್ ಅಂತ ಬೇರೆ ಯೋಜನೆ, ನಮ್ಮ ಕಡೆಗೆ ಚೆನ್ನೈಯ ಬೋರ್ಡ್ ನೋಡಿಕೊಳ್ಳುದು, ಕನಿಷ್ಠ ಸ್ಟೈಪೆಂಡ್‌ನ ಅರ್ಧ ಸರ್ಕಾರದ್ದು. ನಮ್ಮ ಕೆಪಿಟಿಯಿಂದ, ಅಂದ್ರೆ ಕರ್ನಾಟಕ ಪಾಲಿಟೆಕ್ನಿಕ್‌ನಿಂದ, ಸಿವಿಲ್ ಡಿಪ್ಲೊಮಾ ಮಾಡಿ ಹೊರಗೆ ಬರುವ ಹುಡುಗ ಹುಡುಗಿಯರು ಉಂಟಲ್ಲ, ಸೈಟ್ ಸೂಪರ್‌ವೈಸರ್ ಸಿಗುದಿಲ್ಲ ಸಿಗುದಿಲ್ಲ ಅಂತ ಬೊಬ್ಬೆ ಹೊಡೆಯುವವರು ಒಮ್ಮೆ ಆ ಕಡೆ ಹೋಗಿ ನೋಡಿ.

ಈಗ ಲೆಕ್ಕ ಹಾಕಿ. ನಮ್ಮ ಊರಲ್ಲಿ ಇವತ್ತು ಹೆಲ್ಪರ್‌ಗೆ ದಿನಕ್ಕೆ ಏಳ್ನೂರು ಎಂಟ್ನೂರು ಕೊಡದೆ ಯಾರಾದ್ರೂ ಬರ್ತಾರಾ? ಮೇಸ್ತ್ರಿಗೆ ಸಾವಿರದ ಆಚೀಚೆ. 6000ವನ್ನು 26 ದಿನಕ್ಕೆ ಹಂಚಿ, ದಿನಕ್ಕೆ 230 ರೂಪಾಯಿ, ಅಂದ್ರೆ ಒಂದು ಮೀನೂಟ, ಸುರತ್ಕಲ್‌ನಿಂದ ಹೋಗಿ ಬರುವ ಬಸ್ಸು, ಮೊಬೈಲಿಗೆ ಸ್ವಲ್ಪ, ಮುಗೀತು. ಯಾವ ತಾಯಿ ಮಗನನ್ನು ಕಳಿಸ್ತಾಳೆ? ಪಕ್ಕದ ಸೈಟಲ್ಲಿ ಜಲ್ಲಿ ಹೊತ್ರೆ 800 ಸಿಗುವಾಗ ಇಲ್ಲಿ 230ಕ್ಕೆ ಕೊಕ್ಕೆ ಬಾಗಿಸ್ಲಿಕ್ಕೆ ಅವನಿಗೆ ತಲೆ ಕೆಟ್ಟಿದ್ಯಾ? ಆದ್ರೆ ಕಾಯಿದೆ ಹೇಳಿದ್ದು ಕನಿಷ್ಠ ಇಷ್ಟು ಅಂತ, ಇದಕ್ಕಿಂತ ಹೆಚ್ಚು ಕೊಡ್ಬೇಡಿ ಅಂತ ಅಲ್ಲ. ನಾನು ಈಗ ಕೊಡುದು ಮೊದಲ ಮೂರು ತಿಂಗಳು ಹೆಲ್ಪರ್ ಸಂಬಳದ ಮುಕ್ಕಾಲು, ಆಮೇಲೆ ಹೆಲ್ಪರ್‌ನಷ್ಟೇ, ಮುಗಿಯುವಾಗ ಅದಕ್ಕಿಂತ ಸ್ವಲ್ಪ ಮೇಲೆ. ಇದು ಕಾಯಿದೆ ಅಲ್ಲ, ನನ್ನ ಲೆಕ್ಕ, ಇದಕ್ಕೆ ನೀವು ನನ್ನನ್ನು ಬೈಬಹುದು. (ಇಲ್ಲಿ ಹಿಂದಿನ ಸಾಲಿಂದ ಯಾರೋ ಬೈದೇ ಬಿಟ್ರು, ರೆಕಾರ್ಡಲ್ಲಿ ಉಂಟು.)

ಇದನ್ನು ನಾನು ಕದ್ದದ್ದು ಎಲ್ಲಿಂದ ಅಂದ್ರೆ ಕ್ಯಾಲಿಫೋರ್ನಿಯಾದಿಂದ. ನನ್ನ ಭಾವನ ಮಗ ಅಲ್ಲಿ ಒಂದು ಕಾಂಟ್ರ್ಯಾಕ್ಟ್ ಕಂಪನಿಯ ಆಫೀಸಲ್ಲಿ ಸಂಬಳದ ಲೆಕ್ಕ ಬರಿಯುದು. ಕಳೆದ ಸಲ ಊರಿಗೆ ಬಂದಾಗ ಅವನ ಹತ್ರ ಕೂತು ಕೇಳಿದ್ದು. ಅಲ್ಲಿ 1939ರಿಂದಲೇ ಇದಕ್ಕೊಂದು ರಾಜ್ಯದ ಕಾನೂನು ಉಂಟು. ಅಪ್ರೆಂಟಿಸ್‌ನ ಸಂಬಳ ಕಲಿತು ಮುಗಿಸಿದ ಕೆಲಸಗಾರನ ಸಂಬಳದ ಶೇಕಡಾ ಇಷ್ಟು ಅಂತ ಇರುದು, ಕಲಿತ ಹಾಗೆ ಏರ್ತಾ ಹೋಗ್ತದೆ. ಮೇಸ್ತ್ರಿ ರೇಟ್ ಏರಿದ್ರೆ ಹುಡುಗನದ್ದೂ ಏರ್ತದೆ, ನಮ್ಮ ಹಾಗೆ ಒಂದು ನಂಬರ್ ಹಾಕಿ ಆರು ವರ್ಷ ಮುಟ್ಟದೆ ಬಿಡುದಲ್ಲ. ಸರ್ಕಾರಿ ಕಾಮಗಾರಿ ಹಿಡಿದ್ರೆ ಅಲ್ಲಿಯ ಕಾಂಟ್ರ್ಯಾಕ್ಟರ್‌ಗೆ ಇನ್ನೂ ಬಿಗಿ, ಕಲಿತ ಕೆಲಸಗಾರರ ಐದು ಗಂಟೆ ಕೆಲಸಕ್ಕೆ ಒಂದು ಗಂಟೆಯಾದ್ರೂ ಅಪ್ರೆಂಟಿಸ್ ಕೆಲಸ ಇರ್ಬೇಕು, ಕಾಂಟ್ರ್ಯಾಕ್ಟ್ ಸಿಕ್ಕಿದ ಹತ್ತು ದಿನದೊಳಗೆ ಇಂಥ ಕೆಲಸ ಹಿಡಿದಿದ್ದೇನೆ ಅಂತ ಅಪ್ರೆಂಟಿಸ್‌ಶಿಪ್ ಕಮಿಟಿಗಳಿಗೆ ಫಾರ್ಮ್ ಕಳಿಸ್ಬೇಕು, ಹುಡುಗ ಬೇಕಾದ್ರೆ 72 ಗಂಟೆ ಮೊದ್ಲು ಕೇಳ್ಬೇಕು. ನನಗೆ ತುಂಬ ಇಷ್ಟ ಆದದ್ದು ಇದು: ರಾಜ್ಯ ಒಪ್ಪಿದ ಪ್ರೋಗ್ರಾಮಲ್ಲಿ ಹೆಸರು ನೋಂದಣಿ ಆಗದವನನ್ನು ಅಪ್ರೆಂಟಿಸ್ ಅಂತ ಇಟ್ಕೊಂಡ್ರೆ ಅವನಿಗೆ ಪೂರ್ತಿ ಕೆಲಸಗಾರನ ಸಂಬಳ ಕೊಡ್ಬೇಕು, ಅವ ಪೊರಕೆ ಹಿಡಿದು ನಿಂತಿದ್ರೂ ಸರಿ. ಕೊಟ್ಟಾರದ ಸೈಟಲ್ಲಿ ಆ ಆಫೀಸರು ನನಗೆ ಹೇಳಿದ್ದೂ ಇದೇ ಮಾತು, ಅವರು ಕನ್ನಡದಲ್ಲಿ ಹೇಳಿದ್ರು ಅಷ್ಟೆ.

ಇನ್ನು ನಮ್ಮಲ್ಲಿ ದಿನಾ ತಪ್ಪುವ ಒಂದೆರಡು ವಿಷಯ. ನಮ್ಮ ಕೆಲಸ ಎಲ್ಲ ಚದರಡಿ ಲೆಕ್ಕ, ಸಾರಣೆ ಚದರಡಿಗೆ ಇಷ್ಟು, ಟೈಲ್ಸ್ ಚದರಡಿಗೆ ಇಷ್ಟು, ಗ್ಯಾಂಗಿಗೆ ಒಟ್ಟಿಗೆ ಕೊಟ್ಟು ಅವರು ಹಂಚಿಕೊಳ್ಳುದು. ಅಪ್ರೆಂಟಿಸ್‌ನನ್ನು ಆ ಹಂಚಿಕೆಗೆ ಹಾಕುವ ಹಾಗಿಲ್ಲ, ಮಾಡಿದಷ್ಟಕ್ಕೆ ದುಡ್ಡು ಅನ್ನುದು ಕಾಯಿದೆಯಲ್ಲೇ ನಿಷೇಧ. ಕಾರಣ ಸರಿಯೇ ಉಂಟು, ಚದರಡಿಗೆ ಓಡುವವ ಕಲಿಯುದಿಲ್ಲ, ಕಲಿಸುವವನಿಗೂ ಪುರುಸೊತ್ತಿಲ್ಲ. ಎರಡನೇದು ಸ್ಲ್ಯಾಬ್ ದಿನ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದ ಕಾಂಕ್ರೀಟ್ ರಾತ್ರಿ ಹತ್ತಾದ್ರೂ ಮುಗಿಯುದಿಲ್ಲ, ನಡುವೆ ವೈಬ್ರೇಟರ್ ಕೈ ಕೊಡ್ತದೆ, ರೆಡಿಮಿಕ್ಸ್ ಲಾರಿ ಪಂಪ್‌ವೆಲ್ಲಲ್ಲಿ ಸಿಕ್ಕಿಹಾಕಿಕೊಳ್ತದೆ. ಹೆಲ್ಪರ್‌ಗಳಿಗೆ ಓಟಿ ಕೊಡ್ತೀರಿ, ಅದು ಡಬಲ್ ಇರ್ಬೇಕು, ಇರ್ಲಿ. ಅಪ್ರೆಂಟಿಸ್‌ನನ್ನು ಅಪ್ರೆಂಟಿಸ್‌ಶಿಪ್ ಅಡ್ವೈಸರ್, ಅಂದ್ರೆ ಇದನ್ನು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯ ಅನುಮತಿ ಇಲ್ಲದೆ ಓವರ್‌ಟೈಮಿಗೆ ನಿಲ್ಲಿಸುವ ಹಾಗೇ ಇಲ್ಲ, ಡಬಲ್ ಕೊಟ್ರೂ ಇಲ್ಲ. ಸಂಜೆ ಆಯ್ತು ಅಂದ್ರೆ ಮನೆಗೆ. ಮತ್ತೆ ನನ್ನ ಹಾಗೆ ಅವನ ಕೈಲಿ ಚಾ ತರಿಸುದು, ಸಿಮೆಂಟ್ ಲೋಡ್ ಇಳಿಸಿಸುದು, ಕಲಿಕೆಗೆ ಸಂಬಂಧ ಇಲ್ಲದ ಕೆಲಸ ಅದೂ ತಪ್ಪು, 2014ರ ತಿದ್ದುಪಡಿಯಲ್ಲಿ ಇದಕ್ಕೆಲ್ಲ ಒಂದೊಂದು ಸಲಕ್ಕೆ 1000 ದಂಡ ಅಂತ ಹಾಕಿದ್ದಾರೆ. ಸ್ಟೈಪೆಂಡ್ ಮುಂದಿನ ತಿಂಗಳ 10ರೊಳಗೆ ಹೋಗ್ಬೇಕು. ಮಳೆ ಬಂತು, ಒಂದು ವಾರ ಕೆಲಸ ಇಲ್ಲ, ಬರ್ಬೇಡ ಅಂತ ಕಟ್ ಮಾಡ್ಲಿಕ್ಕೂ ಆಗುದಿಲ್ಲ, ಅದು ದಿನಗೂಲಿ ಅಲ್ಲ. ನಾನು ಜೂನ್ ಜುಲೈಯಲ್ಲಿ ಹುಡುಗರನ್ನು ಗೋಡೌನಲ್ಲಿ ಕೂರಿಸಿ ಡ್ರಾಯಿಂಗ್ ಓದ್ಲಿಕ್ಕೆ ಕಲಿಸ್ತೇನೆ, ಹೊರಗೆ ಸುರಿಯುವಾಗ ಅದಕ್ಕಿಂತ ಒಳ್ಳೆ ಟೈಮ್ ಇಲ್ಲ.

ಅಪಘಾತದ್ದು ಮರೀಬೇಡಿ. ಅಪ್ರೆಂಟಿಸ್‌ಗೆ ಇಎಸ್‌ಐ ಇಲ್ಲ ಅಂದಾಗ ನಾವು ಖುಷಿ ಪಡ್ತೇವೆ. ಆದ್ರೆ ಕಲಿಯುವಾಗ ಪೆಟ್ಟಾದ್ರೆ ಕೆಲಸಗಾರನಿಗೆ ಕೊಡುವ ಹಾಗೆಯೇ ಪರಿಹಾರ ಕೊಡುದು ಮಾಲಕನ ಜವಾಬ್ದಾರಿ ಅಂತ ಅದೇ ಕಾಯಿದೆಯಲ್ಲಿ ಉಂಟು. ಇಎಸ್‌ಐ ಇಲ್ಲ ಅಂದ್ರೆ ಆ ದುಡ್ಡು ಪೂರಾ ನಿಮ್ಮ ಜೇಬಿಂದ, ಹಾಗಾಗಿ ಇನ್ಶೂರೆನ್ಸ್ ಮಾಡಿ, ಅಗ್ರಿಮೆಂಟ್ ಆದ ದಿನವೇ ಮಾಡಿ. ವಯಸ್ಸು ಕಾಯಿದೆಯಲ್ಲಿ 14 ಅಂತ ಉಂಟು, ಅಪಾಯದ ಉದ್ಯಮಕ್ಕೆ 18. ಸೈಟ್ ಅಂದ್ರೆ 18ಕ್ಕಿಂತ ಕೆಳಗೆ ಕಾಲಿಡಿಸ್ಬೇಡಿ, ಇದರಲ್ಲಿ ನನ್ನ ಹತ್ರ ಚರ್ಚೆಯೇ ಇಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಲೇಬರ್ ಕೋಡ್ ಬಂದಿದೆಯಲ್ಲ, ಅದರಿಂದ ಇದೆಲ್ಲ ಹೋಯ್ತಾ ಅಂತ ಫೋನಲ್ಲಿ ಇಬ್ರು ಕೇಳಿದ್ರು. ಹೋಗ್ಲಿಲ್ಲ. ಮಿನಿಮಂ ವೇಜಸ್ ಕಾಯಿದೆ ವೇತನ ಸಂಹಿತೆಯೊಳಗೆ ಸೇರಿತು, ಆದ್ರೆ 1961ರ ಅಪ್ರೆಂಟಿಸ್ ಕಾಯಿದೆ ಬೇರೆಯೇ ಉಂಟು, ಸಂಹಿತೆಯಲ್ಲೂ ಉದ್ಯೋಗಿ ಅಂದ್ರೆ ಆ ಕಾಯಿದೆಯಡಿ ಇರುವ ಅಪ್ರೆಂಟಿಸ್ ಬಿಟ್ಟು ಅಂತಲೇ ಬರೆದದ್ದು. "ಆ ಕಾಯಿದೆಯಡಿ" ಅನ್ನುದನ್ನು ಎರಡು ಸಲ ಓದಿ.

ಆಮೇಲೆ ಪ್ರಶ್ನೆಗಳು ಬಂದ್ವು, ಎಲ್ಲ ಬರೆಯುದಿಲ್ಲ. ಕಂಕನಾಡಿಯ ಒಬ್ರು ಕೇಳಿದ್ರು, ಅಣ್ಣ ಅಗ್ರಿಮೆಂಟ್ ಮಾಡಿದ್ದೇನೆ, ಪೋರ್ಟಲಿಗೆ ಹಾಕಿದ್ದೇನೆ, ಅಪ್ರೂವಲ್ ಬರ್ಲಿಕ್ಕೆ ತಡ ಆದ್ರೆ ಅಷ್ಟರೊಳಗೆ ಅವ ಕೆಲಸಗಾರ ಅಂತ ಆಗ್ತದಾ? ನೋಂದಣಿ ಆಗ್ಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅಪ್ರೆಂಟಿಸ್ ಕೆಲಸಗಾರ ಆಗಿಬಿಡುದಿಲ್ಲ ಅಂತ ಉತ್ತರ ಪ್ರದೇಶದ ವಿದ್ಯುತ್ ಮಂಡಳಿಯ ಕೇಸಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೆ ಅಲ್ಲಿ ನಿಜವಾದ ಅಪ್ರೆಂಟಿಸ್‌ಗಳ ಮಾತು, ಅದನ್ನು ಹಿಡ್ಕೊಂಡು ಅಗ್ರಿಮೆಂಟೇ ಇಲ್ಲದವನನ್ನು ತೋರಿಸ್ಲಿಕ್ಕೆ ಹೋಗ್ಬೇಡಿ. ಇನ್ನೊಬ್ರು, ಕಲಿಸಿದ ಮೇಲೆ ಪಕ್ಕದವ ಐವತ್ತು ರೂಪಾಯಿ ಹೆಚ್ಚು ಕೊಟ್ಟು ಕರ್ಕೊಂಡು ಹೋದ್ರೆ? ಹೋಗ್ತಾನೆ. ಅವನನ್ನು ಕೆಲಸಕ್ಕೆ ತಗೊಳ್ಳೇಬೇಕು ಅಂತ ನಿಮಗೂ ಕಡ್ಡಾಯ ಇಲ್ಲ, ನಿಲ್ಲೇಬೇಕು ಅಂತ ಅವನಿಗೂ ಇಲ್ಲ. ನನ್ನ ಮೊದಲ ನಾಲ್ವರಲ್ಲಿ ಇಬ್ರು ಹೋದ್ರು, ಒಬ್ಬ ಗಲ್ಫಿಗೆ, ಒಬ್ಬ ಮಣಿಪಾಲ ಕಡೆಗೆ. ಮಧ್ಯದಲ್ಲಿ ನೀವೇ ಒಪ್ಪಂದ ಪಾಲಿಸದೆ ಅದು ಮುರಿದ್ರೆ ಮಾತ್ರ ಮೂರು ತಿಂಗಳ ಸ್ಟೈಪೆಂಡ್ ಕಟ್ಟಿಕೊಡ್ಬೇಕು. ಹುಡುಗರು ಎಲ್ಲಿ ಸಿಗ್ತಾರೆ ಅಂದವರಿಗೆ, ಕದ್ರಿ ಹಿಲ್ಸ್‌ನ ಸರ್ಕಾರಿ ಐಟಿಐಯಲ್ಲಿ ಒಮ್ಮೆ ವಿಚಾರಿಸಿ, ತಿಂಗಳ ಎರಡನೇ ಸೋಮವಾರ ಅಪ್ರೆಂಟಿಸ್ ಮೇಳ ಅಂತ ದೇಶದಲ್ಲಿ ಅಲ್ಲಲ್ಲಿ ಮಾಡ್ತಾರೆ, ನಮ್ಮ ಜಿಲ್ಲೆಯದ್ದು ಯಾವಾಗ ಎಲ್ಲಿ ಅಂತ ಅಲ್ಲಿ ಹೇಳ್ತಾರೆ.

ಕೊನೆಗೆ ಎದ್ದದ್ದು ನನ್ನ ಜೊತೆ ಬಂದಿದ್ದ ಹಳೇ ಮೇಸ್ತ್ರಿ, ಅರವತ್ತರ ಹತ್ರ, ಮೂಲ್ಕಿ ಕಡೆಯವರು. ಇಡೀ ಹೊತ್ತು ಕೈ ಕಟ್ಟಿ ಕೂತಿದ್ರು. "ಯಾನ್ ಕಲ್ಪಾವೆ, ಆಂಡ ಎಂಕ್ ಸರ್ಟಿಫಿಕೇಟ್ ಏರ್ ಕೊರ್ಪೆರ್?" ಅಂದ್ರು. ನಾನು ಕಲಿಸ್ತೇನೆ, ಆದ್ರೆ ನನಗೆ ಸರ್ಟಿಫಿಕೇಟ್ ಯಾರು ಕೊಡ್ತಾರೆ ಅಂತ. ಎಲ್ರೂ ನಗಾಡಿದ್ರು, ಅವರು ನಗ್ಲಿಲ್ಲ. ಹುಡುಗ ಆರು ತಿಂಗಳಲ್ಲಿ ಕಾಗದ ಹಿಡ್ಕೊಂಡು ಹೋಗ್ತಾನೆ, ನಲ್ವತ್ತು ವರ್ಷ ಕಲ್ಲು ಕಟ್ಟಿದವರ ಹತ್ರ ಎಂತದ್ದೂ ಇಲ್ಲ. ಆರ್‌ಪಿಎಲ್ ಅಂತ ಒಂದು ಉಂಟು, ಮೊದ್ಲೇ ಬರುವ ಕೆಲಸವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುದು, ಕೇಂದ್ರದ ಕೌಶಲ ಯೋಜನೆಯಲ್ಲಿ ಬರ್ತದೆ, ನಾನು ವಿಚಾರಿಸ್ತೇನೆ ಅಂದೆ. ಪರೀಕ್ಷೆಯಲ್ಲಿ ಬರೀಲಿಕ್ಕೆ ಉಂಟಾ ಅಂತ ಕೇಳಿದ್ರು, ಕೈಯಲ್ಲಿ ಮಾಡಿ ತೋರಿಸುದು ಮುಖ್ಯ ಅಂದೆ. ಹಾಗಾದ್ರೆ ಆಗ್ಬಹುದು ಅಂತ ಕೂತ್ರು. ಊಟಕ್ಕೆ ಎದ್ದಾಗ ಹತ್ರ ಬಂದು ಮತ್ತೊಮ್ಮೆ ಕೇಳಿದ್ರು, ಅದರಲ್ಲಿ ಫೋಟೊ ಹಾಕ್ತಾರಾ ಅಂತ.